ಹಸಿ ತೊಗರಿಕಾಯಿ ಬಂತು

ಕಲಬುರಗಿಯಲ್ಲಿ ಈಗ ಬೆಳಿಗ್ಗೆ ಸ್ವಲ್ಪ ಚಳಿ. ಕಣ್ಣಿ ಮಾರ್ಕೆಟ್‌ಗೆ ಹಸಿ ತೊಗರಿಕಾಯಿ ಬಂದಿದೆ. ಶನಿವಾರ ಚೀಲ ತುಂಬ ತಂದೆ. ಅರ್ಧ ಕಾಯಿಯನ್ನು ಸಿಪ್ಪೆ ಸಮೇತ ಉಪ್ಪು ಹಾಕಿ ಕುದಿಸಿದೆವು. ಉಳಿದದ್ದನ್ನು ಅವ್ವನ ಜೊತೆ ಕೂತು ಸುಲಿದೆ. ಟಿವಿ ಹಚ್ಚಲಿಲ್ಲ, ಸುಮ್ನೆ ಮಾತು. "ಎಳೇವು ಬ್ಯಾರೆ ಇಡು, ಪಲ್ಯಕ್ಕ ಛಂದ ಆಗ್ತಾವ" ಅಂದಳು. ಬಲಿತ ಕಾಳನ್ನು ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ ಜೊತೆ ಹುರಿದು, ತರಿತರಿಯಾಗಿ ರುಬ್ಬಿ ಸಾರು ಮಾಡಿದಳು. ಹುರಿಯುವಾಗ ಏಳುವ ಆ ಘಮ ಒಣಬೇಳೆಗೆ ಎಲ್ಲಿಂದ ಬರಬೇಕು!

ಭಾನುವಾರ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಮಧ್ಯಾಹ್ನ ಎಲ್ಲರಿಗೂ ನಿದ್ದೆ.

ನಮ್ಮ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಈ ನೆಲದ್ದೇ ವಿಶೇಷ ಬೆಳೆ ಎನ್ನುವ ಅಧಿಕೃತ ಗುರುತು, ಸಿಕ್ಕಿತು. ಬೇಳೆ ಎಲ್ಲೆಲ್ಲಿಗೋ ಹೋಗುತ್ತದೆ, ನನಗೆ ಹೆಮ್ಮೆ. ಆದರೆ ಹಸಿಕಾಯಿಯ ರುಚಿ ಹೊಲದ ಹತ್ತಿರ ಇರುವವರಿಗೇ ಜಾಸ್ತಿ ಸಿಗೋದು, ಅಲ್ವಾ? ಇನ್ನು ಕೆಲವೇ ವಾರ, ಆಮೇಲೆ ಕಾಯಿ ಒಣಗಿ ರಾಶಿ ಶುರುವಾಗುತ್ತದೆ. ಬೆಂಗಳೂರಲ್ಲಿರುವ ತಮ್ಮ ಎಳ್ಳಮಾವಾಸ್ಯೆಗೆ ಬರುತ್ತೇನೆ ಅಂದಿದ್ದಾನೆ. ಹಬ್ಬದ ಕಾಳು-ತರಕಾರಿ ಭಜ್ಜಿ ಉಣ್ಣಲು ಆಗಲೂ ಬಾ, ಆದರೆ ಈ ಕಾಯಿಗಾಗಿ ಮುಂದಿನ ವಾರವೇ ಒಮ್ಮೆ ಬಂದು ಹೋಗು ಅಂತ ಫೋನ್ ಮಾಡಿ ಹೇಳಿದ್ದೇನೆ.