ಹೋಲಿಕೆಯ ಹಾಳೆಯಲ್ಲಿ ಇಲ್ಲದ ಪ್ರೈಮರ್

ನಮ್ಮ ಕಂಪನಿ ಕಟ್ಟಡದ ಜಾಯಿಂಟುಗಳಿಗೆ ತುಂಬುವ ಸೀಲೆಂಟ್ ಮಾಡುವ ಇನ್ನೊಂದು ಕಂಪನಿಯನ್ನು ಕೊಂಡ ವರ್ಷ, ಅವರ ಯಾವ ಮಾಲಿನ ಬದಲು ನಮ್ಮ ಯಾವ ಮಾಲು ಕೊಡಬಹುದು ಎಂಬ ಹೋಲಿಕೆಯ ಹಾಳೆಯನ್ನು ಸಿದ್ಧಪಡಿಸುವ ಕೆಲಸ ನನ್ನ ಪಾಲಿಗೆ ಬಂದಿತು. ಎರಡೂ ಮಾಲುಗಳ ಟಿಡಿಎಸ್‌ಗಳನ್ನು, ಅಂದರೆ ತಾಂತ್ರಿಕ ವಿವರದ ಹಾಳೆಗಳನ್ನು, ಎದುರಿಗಿಟ್ಟುಕೊಂಡು, ಗಡಸುತನ ಹೇಳುವ ಶೋರ್ ಎ, ಜಾಯಿಂಟು ಹಿಗ್ಗಿ ಕುಗ್ಗುವಾಗ ತಾಳಬಲ್ಲ ಶೇಕಡಾ 25ರ ಚಲನೆ, ಮೇಲ್ಪದರ ಕಟ್ಟಲು ಬೇಕಾದ ಸ್ಕಿನ್ ಟೈಮ್ ನೋಡಿ ಎರಡೇ ದಿನದಲ್ಲಿ ಮುಗಿಸಿದೆ.

ಈ ಉದ್ಯಮದ ದೊಡ್ಡವರೆಲ್ಲ ಬೆಳೆದಿರುವುದು ಬಹುಮಟ್ಟಿಗೆ ಹೀಗೆ ಬೇರೆ ಕಂಪನಿಗಳನ್ನು ಕೊಂಡೇ. 1910ರಲ್ಲಿ ಸ್ವಿಟ್ಜರ್ಲೆಂಡ್‌ನಲ್ಲಿ ಕ್ಯಾಸ್ಪರ್ ವಿಂಕ್ಲರ್ ಆರಂಭಿಸಿದ ಸಿಕಾ, 2019ರಲ್ಲಿ ಪಾರೆಕ್ಸನ್ನೂ 2023ರಲ್ಲಿ ಎಂಬಿಸಿಸಿಯನ್ನೂ ಕೊಂಡಿತು. ಆ ಎಂಬಿಸಿಸಿ ಹಿಂದೆ ಬಿಎಎಸ್ಎಫ್‌ನ ವಿಭಾಗವಾಗಿತ್ತು, ಅದಕ್ಕೂ ಹಿಂದೆ ಡೆಗುಸ್ಸಾದ ಕೈಯಲ್ಲಿತ್ತು. ಆರ್ಕೆಮಾ 2015ರಲ್ಲಿ ಬೋಸ್ಟಿಕ್ ಕೊಂಡು, ಮರುವರ್ಷ ಅದಕ್ಕೆ ನೆದರ್ಲೆಂಡ್ಸ್‌ನ ಡೆನ್ ಬ್ರಾವೆನ್ ಸೇರಿಸಿತು. ಪಾಲಿಯುರೆಥೇನ್ ಸೀಲೆಂಟನ್ನು ಗೋದಾಮಿನಲ್ಲಿ ಬಹುಕಾಲ ಇಡಲಾಗದು. ಹತ್ತಿರದ ಕಾರ್ಖಾನೆ, ಡೀಲರುಗಳು, ಸೈಟಿನಲ್ಲಿ ಮಾಲು ತುಂಬುವ ಅಪ್ಲಿಕೇಟರುಗಳ ನಂಬಿಕೆ ಇವೆಲ್ಲವನ್ನೂ ಹೊಸದಾಗಿ ಕಟ್ಟುವುದಕ್ಕಿಂತ ಕಟ್ಟಿದವರನ್ನೇ ಕೊಳ್ಳುವುದು ಬೇಗನೆ ಆಗುವ ಕೆಲಸ.

ಬೆಂಗಳೂರಿನ ಒಂದು ಪ್ರೀಕಾಸ್ಟ್, ಅಂದರೆ ಅಚ್ಚಿನಲ್ಲಿ ಮೊದಲೇ ಎರಕಹೊಯ್ದ ಕಾಂಕ್ರೀಟ್ ಫಲಕಗಳನ್ನು ಜೋಡಿಸಿ ಕಟ್ಟಿದ, ಅಪಾರ್ಟ್‌ಮೆಂಟಿನ ಹೊರಗೋಡೆಯ ಜಾಯಿಂಟುಗಳಿಗೆ ನನ್ನ ಹಾಳೆಯ ಪ್ರಕಾರವೇ ಬದಲಿ ಮಾಲು ಹೋಯಿತು. ನಾವು ಕೊಂಡ ಕಂಪನಿಯಿಂದ ನಮ್ಮಲ್ಲಿಗೆ ಬಂದಿದ್ದ ಹಿರಿಯ ಟೆಕ್ನೀಷಿಯನ್ ಸೈಟಿನಿಂದ ಫೋನ್ ಮಾಡಿ, “ಸಾರ್, ಹಳೇ ಮಾಲಿಗೆ ಪ್ರೈಮರ್ ಹೊಡೀತಿದ್ವಿ. ಇದಕ್ಕೆ ಬೇಡ್ವಾ?” ಎಂದು ಕೇಳಿದರು. ಸೀಲೆಂಟ್ ಗಟ್ಟಿಯಾಗಿ ಅಂಟಲೆಂದು ಅಂಚುಗಳಿಗೆ ಮೊದಲು ಬಳಿಯುವ ದ್ರವವೇ ಪ್ರೈಮರ್. ಟಿಡಿಎಸ್‌ನಲ್ಲಿ ಸಾಮಾನ್ಯವಾಗಿ ಬೇಡ ಎಂದಿದೆ, ಕೆಲಸ ಮುಂದುವರಿಸಿ ಎಂದೆ. “ಸರಿ ಸಾರ್” ಎಂದ ಅವರ ದನಿಯಲ್ಲಿದ್ದ ಹಿಂಜರಿಕೆ ನನಗೆ ಸ್ಪಷ್ಟವಾಗಿಯೇ ಕೇಳಿಸಿತ್ತು.

ಮೂರು ವಾರಗಳ ನಂತರ, ಏಳನೆಯ ಮಹಡಿಯ ಎತ್ತರದಲ್ಲಿ ಹೊರಗೋಡೆಗೆ ತೂಗುಬಿಟ್ಟ ಗೊಂಡೋಲಾದೊಳಗೆ ನಿಂತು, ಕನ್ಸಲ್ಟೆಂಟರ ಎದುರಿಗೆ ನಾನೇ ಬ್ಲೇಡ್ ಹಾಕಿ ಸೀಲೆಂಟಿನ ತುದಿಯನ್ನು ಬಿಡಿಸಿ ಎಳೆದೆ. ಎರಡೂ ಅಂಚುಗಳು ಕಾಂಕ್ರೀಟನ್ನು ಹಿಡಿದುಕೊಂಡು ನಡುವೆ ಹರಿದಿದ್ದರೆ ಪಾಸಾಗುತ್ತಿತ್ತು. ಅದು ಬಾಳೆಯ ಪಟ್ಟೆ ಸುಲಿದಂತೆ ಸಲೀಸಾಗಿ ಕಿತ್ತು ಬಂದಿತು. ಅದರ ಅಂಚನ್ನು ಹೆಬ್ಬೆರಳಿನಿಂದ ಸವರಿದಾಗ ಬೂದುಬಣ್ಣದ ಸಿಮೆಂಟ್ ಪುಡಿ ಅಂಟಿತು, ಅಚ್ಚಿನ ಎಣ್ಣೆಯ ಜಿಡ್ಡೂ ಇತ್ತು. ಕನ್ಸಲ್ಟೆಂಟರು ಮಾತನಾಡದೆ ಮುಂದಿನ ಜಾಯಿಂಟನ್ನು ತೋರಿಸಿದರು. ನಾಲ್ಕು ಜಾಯಿಂಟುಗಳನ್ನು ಎಳೆದೆ, ನಾಲ್ಕೂ ಹಾಗೆಯೇ ಬಂದವು. ಗೊಂಡೋಲಾ ಕೆಳಗಿಳಿಯುವವರೆಗೂ ಆ ತುಂಡುಗಳು ನನ್ನ ಕೈಯಲ್ಲೇ ಇದ್ದವು.

ನಾವು ಕೊಂಡ ಕಂಪನಿಯವರು ಪ್ರೀಕಾಸ್ಟ್ ಕೆಲಸಕ್ಕೆ ಸೀಲೆಂಟ್ ಮತ್ತು ಪ್ರೈಮರ್ ಎರಡನ್ನೂ ಒಂದೇ ಮಾಲಿನ ಕೋಡಿನಲ್ಲಿ ಮಾರುತ್ತಿದ್ದರೆಂದು ಆಮೇಲೆ ತಿಳಿಯಿತು. ಸಿಸ್ಟಂ ಒಂದಾಗಿಸುವಾಗ ಆ ಕೋಡನ್ನು ಒಡೆದು, ಬಿಡಿಯಾಗಿ ಮಾರಾಟವೇ ಇಲ್ಲವೆಂದು ಪ್ರೈಮರನ್ನು ನಿಲ್ಲಿಸಲಾಗಿತ್ತು. ಎಷ್ಟು ಕೋಡ್ ಕಡಿಮೆಯಾಯಿತೆಂದು ಪ್ರತಿ ಸೋಮವಾರ ಲೆಕ್ಕ ಕೇಳುತ್ತಿದ್ದ ಆಡಳಿತ, ಆ ಮಾಲನ್ನು ವರ್ಷಗಟ್ಟಲೆ ಗನ್‌ನಲ್ಲಿ ತುಂಬಿ ಹೊಡೆದವರನ್ನು ಒಂದು ದಿನವೂ ಕರೆದು ಕೇಳಲಿಲ್ಲ. ಇದರ ಬಗ್ಗೆ ನನಗೆ ಇಂದಿಗೂ ಸಿಟ್ಟಿದೆ. ಆದರೆ ತಾವಾಗಿಯೇ ಫೋನ್ ಮಾಡಿ ಹೇಳಿದವರ ಮಾತನ್ನು ತಳ್ಳಿಹಾಕಿದವನು ನಾನು.

ಜಾಯಿಂಟುಗಳನ್ನೆಲ್ಲ ಕೊಯ್ದು ತೆಗೆದು, ಅಂಚುಗಳನ್ನು ಗ್ರೈಂಡ್ ಮಾಡಿ, ಪ್ರೈಮರ್ ಬಳಿದು ಮತ್ತೆ ತುಂಬಿದೆವು. ಮರುಪರೀಕ್ಷೆಯ ದಿನ ಬ್ಲೇಡನ್ನು ಆ ಟೆಕ್ನೀಷಿಯನ್ ಅವರ ಕೈಗೆ ಕೊಟ್ಟೆ. ಅವರು ಎಳೆದದ್ದು ನಡುವೆಯೇ ಹರಿಯಿತು. ಹೋಲಿಕೆಯ ಹಾಳೆಯಲ್ಲಿ ಈಗ ಪ್ರೈಮರಿಗೆಂದು ಒಂದು ಕಾಲಂ ಇದೆ. ಅದನ್ನು ತುಂಬುವವರು ಅವರೇ.