ಮೇಡಂ ಮತ್ತು ಚೆಕ್‌ರೋಲ್ ಪುಸ್ತಕ

ಕೊಡಗಿನ ತೋಟಗಳಲ್ಲಿ ‘ರೈಟರ್’ ಅಂದರೆ ಕಥೆ ಬರೆಯುವವರಲ್ಲ, ಕೆಲಸದವರ ಹಾಜರಿ ಬರೆಯುವವರು. ನನ್ನ ಅಪ್ಪ ಮೂರ್ನಾಡು ಹತ್ತಿರದ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದರು. 1998ರಲ್ಲಿ ಮಡಿಕೇರಿಗೆ ಬಂದು ಬಿ.ಎ. ಸೇರಿದ ವಾರವೇ ಮನೆಯಲ್ಲಿ, “ನಮ್ಮ ಕನ್ನಡ ಮೇಡಂ ರೈಟರ್ ಅಂತೆ” ಅಂದೆ. ಅಪ್ಪ ಕೇಳಿದರು, “ಯಾವ ತೋಟದಲ್ಲಿ?”

ಮೇಡಂ ಬರೆಯುತ್ತಿದ್ದದ್ದು ಮಾಯಾಲೋಕದ ಕಾದಂಬರಿ. ಈಗ ಫ್ಯಾಂಟಸಿ ಅಂತಾರಲ್ಲ, ಅದು. ಬೆಳಗಿನ ಜಾವ ನಾಲ್ಕೂವರೆಗೆ ಏಳುವುದು, ಆರೂವರೆ ತನಕ ಬರೆಯುವುದು. ಆಮೇಲೆ ಅಡುಗೆ, ಬಸ್ಸು, ಮೊದಲ ಪಿರಿಯಡ್‌ನಲ್ಲಿ ಹಳಗನ್ನಡ. ಇಂಥ ಕಥೆಗಳನ್ನು ಮಕ್ಕಳ ಕಥೆ ಅಂತ ಬದಿಗಿಡುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಮೇಡಂ ಕೈಬರಹದ ಕಟ್ಟು ನೋಡಿದ ನನಗಂತೂ ಆ ಮಾತು ಒಪ್ಪಿಗೆಯಿಲ್ಲ.

ಪರೀಕ್ಷೆ ಪೇಪರ್ ತಿದ್ದುವ ತಿಂಗಳು ಮಾತ್ರ ಬರವಣಿಗೆ ನಿಲ್ಲುತ್ತಿತ್ತು. ಆಗ ಅವರಿಗೆ ಟೋಲ್ಕಿನ್ ನೆನಪಾಗುತ್ತಿದ್ದರು. ಆಕ್ಸ್‌ಫರ್ಡ್‌ನಲ್ಲಿ ಹಳೆಯ ಇಂಗ್ಲಿಷ್ ಪಾಠ ಮಾಡುತ್ತಿದ್ದ ಪ್ರೊಫೆಸರ್. ಅವರೂ ಪೇಪರ್ ತಿದ್ದುತ್ತಾ ಕೂತಿದ್ದಾಗ ಯಾರೋ ಹುಡುಗ ಖಾಲಿ ಬಿಟ್ಟ ಹಾಳೆಯೊಂದು ಸಿಕ್ಕಿತು. ಅದರ ಮೇಲೆ ಸುಮ್ನೆ ಒಂದು ಸಾಲು ಗೀಚಿದರು. ಆ ಸಾಲು ಬೆಳೆದು 1937ರಲ್ಲಿ ‘ದಿ ಹಾಬಿಟ್’ ಆಯಿತು. ಮುಂದಿನ ದೊಡ್ಡ ಕಥೆ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ಗೆ ಅದೇ ವರ್ಷ ಕೈ ಹಾಕಿದರು. ಅದರ ಮೊದಲ ಸಂಪುಟ ಅಚ್ಚಾಗುವಾಗ 1954. “17 ವರ್ಷ! ಪಾಠವನ್ನೂ ಬಿಡಲಿಲ್ಲ, ಕಥೆಯನ್ನೂ ಬಿಡಲಿಲ್ಲ” ಅನ್ನುತ್ತಿದ್ದರು ಮೇಡಂ. ಕಥೆಯೊಳಗೆ ಚಂದ್ರ ಯಾವತ್ತು ಎಷ್ಟು ಬೆಳೆದಿರುತ್ತಾನೆ ಅಂತ ಕೂಡ ಟೋಲ್ಕಿನ್ ಲೆಕ್ಕ ಇಟ್ಟು ಬರೆದರಂತೆ.

ಎರಡನೇ ವರ್ಷ ನಾನೂ ಒಂದು ಕಥೆ ಬರೆದೆ. ಜುಲೈ ತಿಂಗಳು. ಮಧ್ಯಾಹ್ನ ಮೂರಕ್ಕೇ ಕ್ಲಾಸಿನಲ್ಲಿ ಕತ್ತಲೆ, ಹಂಚಿನ ಮೇಲೆ ಮಳೆಯ ಸದ್ದಿಗೆ ಪಾಠ ಕೇಳಿಸದ ದಿನಗಳು. ನನ್ನ ಹುಡುಗ ಬ್ರಹ್ಮಗಿರಿ ಬೆಟ್ಟದಿಂದ ಕಣ್ಣು ಮುಚ್ಚಿ ತೆರೆಯುವುದರೊಳಗೆ ಭಾಗಮಂಡಲಕ್ಕೆ ಹಾರಿ ಬರುತ್ತಿದ್ದ. ಮೇಡಂ ಕೆಂಪು ಶಾಯಿಯಲ್ಲಿ ಅಂಚಿಗೆ ಬರೆದದ್ದು ಒಂದೇ ಪ್ರಶ್ನೆ: “ಇದಕ್ಕೆ ಅವನು ಏನು ತೆತ್ತ?”

ಅರ್ಥವಾಗಲಿಲ್ಲ. ಸ್ಟಾಫ್ ರೂಮಿಗೆ ಹೋದೆ.

“ದೇವರಕಾಡು ನೋಡಿದ್ದೀಯಲ್ಲ? ನಮ್ಮ ಕೊಡಗಿನಲ್ಲಿ ಅಂಥವು 1200ಕ್ಕೂ ಜಾಸ್ತಿ ಇವೆ. ನಿಮ್ಮೂರಿನದಕ್ಕೆ ಬೇಲಿ ಇದೆಯಾ?”

“ಇಲ್ಲ ಮೇಡಂ.”

“ಆದ್ರೂ ಯಾರೂ ಒಂದು ಕಡ್ಡಿ ಮುರಿಯೋದಿಲ್ಲ. ಮುರಿದರೆ ಏನಾಗುತ್ತೆ ಅಂತ ಊರಿಗೆಲ್ಲ ಗೊತ್ತು. ನಿನ್ನ ಕಥೆಯ ಊರಿಗೂ ಅದು ಗೊತ್ತಿರಬೇಕು ಮಾರಾಯ.”

ಅದೇ ವರ್ಷ ಹುತ್ತರಿ ಹಬ್ಬ ಕಳೆದ ಮೇಲೆ, ಕಾಫಿ ಕುಯ್ಲಿನ ಸಮಯದಲ್ಲಿ, ಒಂದು ಭಾನುವಾರ ಮೇಡಂ ತೋಟದಲ್ಲಿದ್ದ ನಮ್ಮ ಲೈನ್‌ಮನೆಗೆ ಬಂದರು. ಸಂಜೆ ಕಣದಲ್ಲಿ ಹಣ್ಣು ತೂಗುವುದನ್ನು ಅವರಿಗೆ ನೋಡಬೇಕಿತ್ತು. ಅಪ್ಪ ತೂಕ ಬರೆದು ಮುಗಿಸಿ, ಚೆಕ್‌ರೋಲ್, ಅಂದರೆ ಹಾಜರಿ ಪುಸ್ತಕ, ಬಿಚ್ಚಿ ತೋರಿಸಿದರು. ಎಡಕ್ಕೆ ಹೆಸರು, ಮೇಲೆ 1ರಿಂದ 31ರ ತನಕ ತಾರೀಕು. ಮೇಡಂ ಕಣ್ಣು ಅರಳಿತು. ಹೋಗುವಾಗ ಅಪ್ಪ ಬಳಸದ ಪುಸ್ತಕ ಒಂದನ್ನು ಅವರ ಕೈಗಿತ್ತರು.

ಮುಂದಿನ ಸಲ ಬರುವಾಗ ಅದು ಅರ್ಧ ತುಂಬಿತ್ತು. ಹೆಸರಿನ ಜಾಗದಲ್ಲಿ ಅವರ ಕಾದಂಬರಿಯ ಜನ. ಯಾರು ಯಾವ ದಿನ ಎಲ್ಲಿದ್ದರು, ಎಷ್ಟು ನಡೆದರು, ಯಾರ ಶಕ್ತಿ ಎಷ್ಟು ಖರ್ಚಾಯಿತು, ಎಲ್ಲ ಪೆನ್ಸಿಲ್‌ನಲ್ಲಿ. ಅಪ್ಪ ಕನ್ನಡಕ ಹಾಕಿಕೊಂಡು ಸಾಲಿನ ಮೇಲೆ ಬೆರಳು ಎಳೆಯುತ್ತಾ ಹೋದರು. ಬೆರಳು ಒಂದು ಕಡೆ ನಿಂತಿತು.

“ಮೇಡಂ, ಇವನಿಗೆ 14ನೇ ತಾರೀಕು ಹಾಜರಿ ಇಲ್ಲ. 13ಕ್ಕೆ ಹೊಳೆಯ ಈಚೆ, 15ಕ್ಕೆ ಆಚೆ. ಮಧ್ಯದ ದಿನ ಎಲ್ಲಿದ್ದ?”

ಮೇಡಂ ತುಂಬಾ ಹೊತ್ತು ಮಾತಾಡಲಿಲ್ಲ. ಅಮ್ಮ ತಂದಿಟ್ಟ ಕಾಫಿ ಆರಿತು. ಆಮೇಲೆ ಬ್ಯಾಗಿನಿಂದ ಕೆಂಪು ಪೆನ್ನು ತೆಗೆದು ಆ ಖಾಲಿ ಚೌಕಕ್ಕೆ ಸುತ್ತು ಹಾಕಿದರು.

ಆ ಒಂದು ದಿನಕ್ಕಾಗಿ ಅವರು ಮೂರು ಅಧ್ಯಾಯ ಹೊಸದಾಗಿ ಬರೆದರು. ಅದಕ್ಕೆ ಒಂದು ಬೇಸಿಗೆ ರಜೆ ಪೂರ್ತಿ ಹೋಯಿತು. ಅಂಬಿಗನ ಗುಡಿಸಲಲ್ಲಿ ಜ್ವರದಿಂದ ಮಲಗಿದ ಆ ರಾತ್ರಿಯೇ ಇಡೀ ಕಾದಂಬರಿಯಲ್ಲಿ ನನಗೆ ಹೆಚ್ಚು ಇಷ್ಟ.

ಅಪ್ಪ ಜೀವನದಲ್ಲಿ ಓದಿದ ಕಾದಂಬರಿ ಅದೊಂದೇ. ಕೈಯಲ್ಲಿ ಪೆನ್ಸಿಲ್ ಹಿಡಿದೇ ಓದಿದರು. ಆ ಪುಟ ಬಂದಾಗ ಒಳಗಿದ್ದ ಅಮ್ಮನನ್ನು ಕೂಗಿ ಕರೆದರು: “ನೋಡು ಇಲ್ಲಿ, 14ಕ್ಕೆ ಹಾಜರಿ ಬಿತ್ತು.”