ವೈರಮುಡಿ ರಾತ್ರಿ ಸಿಕ್ಕ ಹರಿಕಥೆ ದಾಸರು

ಅವ್ವನ ಹರಕೆಗೆ ಇದು ಐದನೇ ವರ್ಷ. ಕೊನೆಯ ವರ್ಷವೂ ಹೌದು.

ನನ್ನ ಮಗ ಏಳೂವರೆ ತಿಂಗಳಿಗೇ ಹುಟ್ಟಿದವನು. ಆಸ್ಪತ್ರೆಯಲ್ಲಿ ಅವನನ್ನು 20 ದಿನ ಗಾಜಿನ ಪೆಟ್ಟಿಗೆಯೊಳಗೆ ಮಲಗಿಸಿದ್ದರು. ಅಷ್ಟು ದಿನವೂ ಅವ್ವ ಹೊರಗಿನ ಬೆಂಚು ಬಿಟ್ಟು ಎದ್ದವಳಲ್ಲ. ಅಲ್ಲೇ ಕೂತು ಹರಕೆ ಹೊತ್ತಳು. 'ಮೊಮ್ಮಗ ನೆಟ್ಟಗೆ ಮನೆ ಸೇರಿದ್ರೆ ಐದು ವರ್ಷ ಮೇಲ್ಕೋಟೆಗೆ ಬತ್ತೀನಿ, ಬರಿಗಾಲಲ್ಲಿ ಬೆಟ್ಟ ಹತ್ತಿ ವೈರಮುಡಿ ನೋಡ್ತೀನಿ.' ದೇವರ ಹತ್ತಿರ ಮಾತು ಕೊಡುವಾಗ ತನ್ನ ಮಂಡಿನೋವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಮೊಮ್ಮಗ ಈಗ ಬೀದಿಯೆಲ್ಲ ಓಡುತ್ತಾನೆ. ಅಜ್ಜಿ ಮೆಟ್ಟಿಲು ಕಂಡರೆ ನಿಟ್ಟುಸಿರು ಬಿಡುತ್ತಾಳೆ.

ಮಂಡ್ಯ ಸೀಮೆಯವರಿಗೆ ವೈರಮುಡಿ ಅಂದರೇನು ಅಂತ ಹೇಳಬೇಕಿಲ್ಲ. ಬೇರೆಯವರಿಗಾಗಿ ಎರಡು ಮಾತು. ಮೇಲುಕೋಟೆಯ ಚೆಲುವನಾರಾಯಣಸ್ವಾಮಿಗೆ ವರ್ಷದಲ್ಲಿ ಒಂದೇ ರಾತ್ರಿ, ಫಾಲ್ಗುಣದಲ್ಲಿ, ವಜ್ರದ ಕಿರೀಟ ಇಟ್ಟು ಗರುಡವಾಹನದ ಮೇಲೆ ಮೆರವಣಿಗೆ ಮಾಡುತ್ತಾರೆ. ಆ ಕಿರೀಟ ವರ್ಷವೆಲ್ಲ ಇರುವುದು ಮಂಡ್ಯದ ಜಿಲ್ಲಾ ಖಜಾನೆಯಲ್ಲಿ. ಉತ್ಸವದ ದಿನ ಪೊಲೀಸ್ ಕಾವಲಿನಲ್ಲಿ ಹೊರಗೆ ಬರುತ್ತದೆ. ದಾರಿಯ ಊರುಗಳಲ್ಲಿ ಜನ ನಿಲ್ಲಿಸಿ, ಪೂಜೆ ಮಾಡಿ, ಮುಂದಕ್ಕೆ ಕಳಿಸುತ್ತಾರೆ. ಪೆಟ್ಟಿಗೆಗೇ ಕೈ ಮುಗಿಯುವುದು. ಒಳಗಿರುವುದು ಹಗಲಲ್ಲಿ ಯಾರಿಗೂ ಕಾಣುವುದಿಲ್ಲ. ಸೂರ್ಯನ ಬೆಳಕು ವೈರಮುಡಿಗೆ ತಾಗಬಾರದು ಅನ್ನುವುದು ನಂಬಿಕೆ. ಕತ್ತಲಾದ ಮೇಲೆ ತೊಡಿಸಿ, ಬೆಳಗಾಗುವ ಮುಂಚೆ ತೆಗೆಯಬೇಕು. ತೊಡಿಸುವ ಅರ್ಚಕರು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಕೈಯಲ್ಲಿ ಮುಟ್ಟಿ ಮುಟ್ಟಿಯೇ ಇಡುತ್ತಾರಂತೆ. ಲಕ್ಷ ಜನ ನೋಡಲು ಬರುವ ಕಿರೀಟವನ್ನು ಅದರ ತೀರಾ ಹತ್ತಿರ ಇರುವವರು ಆ ಹೊತ್ತಿಗೆ ನೋಡುವುದಿಲ್ಲ. ಇದು ನನಗೆ ಚಿಕ್ಕಂದಿನಿಂದ ಬಿಡಿಸಲಾಗದ ಒಗಟು.

ಬೆಳಿಗ್ಗೆ ಬೇಗ ಹೊರಡೋಣ ಅಂದಿದ್ದೆ. ಹೊರಟಿದ್ದು ತಡವಾಯಿತು. ಬೆಟ್ಟದ ಬುಡ ಸೇರುವಾಗ ಬಿಸಿಲು ನೆತ್ತಿಯ ಮೇಲಿತ್ತು. ಯೋಗನರಸಿಂಹಸ್ವಾಮಿಯ ಬೆಟ್ಟಕ್ಕೆ ಮುನ್ನೂರು ಚಿಲ್ಲರೆ ಮೆಟ್ಟಿಲು. ಕಲ್ಲು ಕಾದು ಹೆಂಚಾಗಿತ್ತು. ಅವ್ವ ಹತ್ತು ಮೆಟ್ಟಿಲು ಹತ್ತಿ ಒಮ್ಮೆ ನಿಲ್ಲುತ್ತಿದ್ದಳು. ನಿಂತಾಗಲೆಲ್ಲ ಕೆಳಗಿನ ಕಲ್ಯಾಣಿ ನೋಡುವ ನೆಪ. 'ನೋಡ್ಲಾ, ಎಷ್ಟು ಚೆಂದಾಗೈತೆ' ಅನ್ನುವಳು. ಸುಸ್ತಾಯಿತು ಅಂತ ಒಂದು ಸಲವೂ ಅನ್ನಲಿಲ್ಲ.

ದಾರಿಯ ಒಂದು ಮಂಟಪದ ನೆರಳಲ್ಲಿ ಕೂರಲು ಹೋದೆವು. ಅಲ್ಲಿ ಆಗಲೇ ಒಬ್ಬರು ಕೂತಿದ್ದರು. ತಲೆಗೆ ಬಿಳಿ ಟವೆಲ್, ಹಳೆಯ ಕಾಟನ್ ಅಂಗಿ, ಪಂಚೆ. ವಯಸ್ಸು ಎಪ್ಪತ್ತು ದಾಟಿರಬೇಕು. ನಮ್ಮನ್ನು ನೋಡಿ ಪಕ್ಕಕ್ಕೆ ಸರಿದು, 'ಬನ್ನಿ ತಾಯಿ, ಇಲ್ಲಿ ಕಲ್ಲು ತಣ್ಣಗಿದೆ' ಅಂದರು.

ಆ ದನಿ ಕೇಳಿದ ಕೂಡಲೇ ನನ್ನ ಎದೆ ಧಸಕ್ ಅಂದಿತು.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ತಲೆಗೆ ಟವೆಲ್ ಸುತ್ತಿಕೊಂಡು ಒಬ್ಬರೇ ಬಂದವರು ಗುರುತು ಸಿಗಬಾರದು ಅಂತಲೇ ಬಂದಿರುತ್ತಾರೆ, ಅಲ್ವಾ? ನಾನು ಬಹಳ ಮೆಚ್ಚುವ ಸಿನಿಮಾ ನಿರ್ದೇಶಕರು ಅಂದರೆ ಸಾಕು. ಮೆಚ್ಚುವ ಅನ್ನುವುದೂ ಕಡಿಮೆಯಾಯಿತು. ನನಗೆ ಅವರದೊಂದು ಋಣ ಇದೆ.

ಡಿಗ್ರಿ ಅರ್ಧಕ್ಕೆ ಬಿಟ್ಟು ಬಂದ ವರ್ಷ ಅಪ್ಪ ನನ್ನ ಜೊತೆ ಮಾತು ಬಿಟ್ಟಿದ್ದರು. ಒಂದೇ ಮನೆ, ಒಂದೇ ಒಲೆ, ಹನ್ನೊಂದು ತಿಂಗಳು ಒಂದು ಮಾತಿಲ್ಲ. 'ಅವನಿಗೆ ಹೇಳು', 'ಅಪ್ಪನಿಗೆ ಹೇಳು' ಅಂತ ಎಲ್ಲ ಅವ್ವನ ಮೂಲಕವೇ. ಒಂದು ರಾತ್ರಿ ಮಂಡ್ಯದಲ್ಲಿ ಸೆಕೆಂಡ್ ಶೋಗೆ ಹೋಗಿದ್ದೆ. ಇವರದೇ ಸಿನಿಮಾ. ಇಂಟರ್ವಲ್‌ನಲ್ಲಿ ಬೋಂಡ ತಗೊಳ್ಳಲು ಹೋದರೆ ಅಲ್ಲಿ ಅಪ್ಪ ನಿಂತಿದ್ದರು. ಕಣ್ಣು ಕೆಂಪಾಗಿತ್ತು. ನನ್ನದೂ ಹಾಗೇ ಇದ್ದಿರಬೇಕು. ಏನೂ ಹೇಳದೆ ತಮ್ಮ ಕೈಲಿದ್ದ ಪೊಟ್ಟಣದಿಂದ ಒಂದು ಬೋಂಡ ತೆಗೆದು ನನಗೆ ಕೊಟ್ಟರು. ಸಿನಿಮಾ ಮುಗಿದ ಮೇಲೆ ಇಬ್ಬರೂ ಒಂದೇ ಟಿವಿಎಸ್‌ನಲ್ಲಿ ಊರಿಗೆ ಬಂದೆವು. ದಾರಿಯುದ್ದಕ್ಕೂ ಆ ಸಿನಿಮಾದ ಮಾತು. ಅಪ್ಪ ಹೋಗಿ ಎಂಟು ವರ್ಷವಾಯಿತು. 'ಸಾರ್, ನಿಮ್ಮಿಂದ ನಮ್ಮಪ್ಪ ನನ್ನ ಹತ್ರ ಮಾತಾಡಿದ್ರು' ಅನ್ನುವ ಒಂದು ವಾಕ್ಯ ಅವತ್ತಿನಿಂದ ನನ್ನ ನಾಲಿಗೆ ಮೇಲೆ ಕೂತಿದೆ. ಅದೂ ಒಂಥರಾ ಹರಕೆಯೇ. ಅವ್ವ ತೀರಿಸುತ್ತಿದ್ದಾಳೆ, ನನ್ನದು ಬಾಕಿ.

ಈಗ ಎರಡು ಅಡಿ ದೂರದಲ್ಲಿ ಕೂತಿದ್ದಾರೆ. ನನ್ನ ಬಾಯಿ ಒಣಗಿ ಹೋಗಿತ್ತು.

ಅವ್ವನಿಗೆ ಇದೊಂದೂ ಗೊತ್ತಿಲ್ಲ. ಸೆರಗಿನ ಗಂಟು ಬಿಚ್ಚಿ ಕಡ್ಲೆಪುರಿ ತೆಗೆದು, 'ತಗಳಿ ಸ್ವಾಮಿ' ಅಂತ ಅವರ ಮುಂದೆ ಹಿಡಿದಳು. ಅವರು ಎರಡೂ ಕೈ ಒಡ್ಡಿ ಇಸ್ಕೊಂಡರು.

'ಯಾವೂರು ಸ್ವಾಮಿ?'

'ಬೆಂಗಳೂರು ತಾಯಿ.'

'ಏನ್ ಕೆಲ್ಸ ಮಾಡ್ಕಂಡಿದ್ದೀರಿ?'

ಅವರು ಒಂದು ಗಳಿಗೆ ಯೋಚಿಸಿದರು. 'ಕಥೆ ಹೇಳೋದು' ಅಂದರು.

'ಹರಿಕಥೆನಾ?'

ನಾನು ಬಾಯಿ ತೆರೆದೆ. ಅವರು ನನ್ನ ಕಡೆ ನೋಡಿದರು. ಬೇಡ ಅನ್ನುವ ಹಾಗೆ ಸಣ್ಣಗೆ ತಲೆ ಆಡಿಸಿದರು. ನನಗೆ ಗುರುತು ಸಿಕ್ಕಿದೆ ಅಂತ ಅವರಿಗೆ ಗೊತ್ತಾಗಿತ್ತು. 'ಹಾಗೇ ಅಂದ್ಕೊಳ್ಳಿ ತಾಯಿ' ಅಂತ ನಕ್ಕರು.

'ಹಂಗಾರೆ ವೈರಮುಡಿ ಕಥೆ ಹೇಳಿ, ಸುಸ್ತು ಹೋಯ್ತದೆ.'

'ನೀವು ಹೇಳಿ. ನಾನು ಕೇಳ್ತೀನಿ.'

ಅವ್ವನಿಗೆ ಇಷ್ಟು ಸಾಕಿತ್ತು. ಕಾಲು ನೀಡಿ ಕೂತು ಶುರು ಮಾಡಿದಳು. ಕ್ಷೀರಸಾಗರದಲ್ಲಿ ನಾರಾಯಣ ಮಲಗಿದ್ದಾಗ ಪ್ರಹ್ಲಾದನ ಮಗ ವಿರೋಚನ ಬಂದು ಕಿರೀಟ ಕದ್ದುಕೊಂಡು ಪಾತಾಳಕ್ಕೆ ಓಡಿದ್ದು. ಗರುಡ ಬೆನ್ನು ಹತ್ತಿ, ಹೊಡೆದಾಡಿ, ಕಿರೀಟ ಕಿತ್ತುಕೊಂಡು ಹಾರಿದ್ದು. ದಾರಿಯಲ್ಲಿ ಬೃಂದಾವನದ ಮೇಲೆ ಬರುವಾಗ ಕೆಳಗೆ ದನ ಕಾಯುವ ಹುಡುಗರ ನಡುವೆ ಕೃಷ್ಣ ಆಡುತ್ತಿದ್ದದ್ದು. ಇವನೇ ನಮ್ಮ ಸ್ವಾಮಿ ಅಂತ ಗರುಡ ಇಳಿದು ಆ ಹುಡುಗನ ತಲೆಗೇ ಕಿರೀಟ ಇಟ್ಟದ್ದು. ಆಮೇಲೆ ಕೃಷ್ಣ ಅದನ್ನು ನಮ್ಮ ಚೆಲುವರಾಯನಿಗೆ ಕೊಟ್ಟದ್ದು. ಅವ್ವ ಹೇಳುವಾಗ ಗರುಡನಿಗೆ ಮಂಡ್ಯದ ಮಾತು ಬರುತ್ತದೆ. 'ಅಯ್ಯೋ ನಮ್ಮ ಬುದ್ಧಿ ಇಲ್ಲೇ ಅವ್ರೆ ಕಣಪ್ಪ' ಅಂತ ಗರುಡ ಅಂದನಂತೆ.

ಅವರು ಕಣ್ಣು ಮಿಟುಕಿಸದೆ ಕೇಳುತ್ತಿದ್ದರು. ಮಧ್ಯೆ ಒಂದೇ ಪ್ರಶ್ನೆ ಕೇಳಿದರು.

'ಅಲ್ಲ ತಾಯಿ, ಮಲಗಿದ್ದ ನಾರಾಯಣ ಅಂದ್ರೆ ಅಷ್ಟು ದೊಡ್ಡ ಆಳು. ಕೃಷ್ಣ ಸಣ್ಣ ಹುಡುಗ. ಕಿರೀಟ ಹೇಗೆ ಆಯ್ತು ಅವನಿಗೆ?'

'ಅವನ್ದೇ ಕಿರೀಟ. ಅವನ್ಗೆ ಆಗ್ದೆ ಇನ್ಯಾರ್ಗಾಯ್ತದೆ?'

ಅವರು ಜೋರಾಗಿ ನಕ್ಕರು. ಕಿರೀಟವೇ ತಲೆಗೆ ತಕ್ಕಂತೆ ಸಣ್ಣದಾಯಿತು ಅಂತ ನಾನು ಎಲ್ಲೋ ಓದಿದ್ದೆ, ಅದನ್ನು ಹೇಳಲು ಹೊರಟಿದ್ದೆ. ಸುಮ್ಮನಾದೆ.

ಕಡ್ಲೆಪುರಿ ಮುಗಿಯುವಷ್ಟರಲ್ಲಿ ಅವ್ವ ಬೀಬಿ ನಾಚ್ಚಿಯಾರಳ ಕಥೆಗೆ ದಾಟಿದ್ದಳು. ಅದು ಅವಳಿಗೆ ಎಲ್ಲಕ್ಕಿಂತ ಇಷ್ಟದ ಕಥೆ. ಉತ್ಸವಮೂರ್ತಿ ದಿಲ್ಲಿ ದೊರೆಯ ಅರಮನೆ ಸೇರಿತ್ತು. ದೊರೆಯ ಮಗಳು ಅದನ್ನು ಮಗುವಿನ ಹಾಗೆ ಆಡಿಸುತ್ತಿದ್ದಳು. ರಾಮಾನುಜಾಚಾರ್ಯರು ಅಲ್ಲಿಗೆ ಹೋಗಿ 'ಬಾರೋ ನನ್ನ ಚೆಲ್ವಪಿಳ್ಳೆ' ಅಂತ ಕರೆದರು. ಮೂರ್ತಿ ಗೆಜ್ಜೆ ಸದ್ದು ಮಾಡುತ್ತ ನಡೆದು ಬಂದು ಅವರ ತೊಡೆ ಏರಿತು. ಆಚಾರ್ಯರು ಮೂರ್ತಿಯನ್ನು ಕರೆತಂದರು. ಬಿಟ್ಟಿರಲಾರದೆ ಆ ಹುಡುಗಿ ಹಿಂದೆಯೇ ಬಂದಳು. ಮೇಲುಕೋಟೆಯಲ್ಲಿ ಸ್ವಾಮಿಯಲ್ಲೇ ಸೇರಿಹೋದಳು. ಇವತ್ತಿಗೂ ಸ್ವಾಮಿಯ ಪಾದದ ಹತ್ತಿರ ಅವಳ ಪುಟ್ಟ ಮೂರ್ತಿ ಇದೆ.

'ಪಾಪ, ಆ ಮಗ ಅಷ್ಟು ದೂರದಿಂದ ಬಂದ್ಲು' ಅಂತ ಅವ್ವ ಪ್ರತಿ ವರ್ಷದ ಹಾಗೆ ಕಣ್ಣು ಒರೆಸಿಕೊಂಡಳು.

ಅವಳು ದಿಲ್ಲಿಯಿಂದ ಬಂದಳು. ನನಗೆ ಎರಡು ಅಡಿ ದಾಟಲು ಆಗುತ್ತಿಲ್ಲ.

ಅವರು ಎದ್ದರು. ಅವ್ವನಿಗೆ ಕೈ ಮುಗಿದರು. ನನ್ನ ಭುಜ ಮೆಲ್ಲಗೆ ತಟ್ಟಿ ಮೆಟ್ಟಿಲು ಇಳಿದು ಹೋದರು. ಅವರ ಬೆನ್ನು ತಿರುವಿನಲ್ಲಿ ಮರೆಯಾಗುವವರೆಗೂ ನಾನು ಆ ವಾಕ್ಯದ ಮೊದಲ ಪದ ಹುಡುಕುತ್ತಲೇ ಇದ್ದೆ.

ಬೆಟ್ಟದ ಮೇಲೆ ನರಸಿಂಹನ ಮುಂದೆ ಅವ್ವ ಬಹಳ ಹೊತ್ತು ನಿಂತಳು. ನಾನು ಕೈ ಮುಗಿದೆನೇ ಹೊರತು ಮನಸ್ಸು ಆ ಮಂಟಪದಲ್ಲೇ ಇತ್ತು. ಇಳಿದು ಬಂದು ಅರವಟ್ಟಿಗೆಯಲ್ಲಿ ಪಾನಕ, ನೀರುಮಜ್ಜಿಗೆ ಕುಡಿದೆವು. ಅಂಗಡಿಯಿಂದ ಪುಳಿಯೋಗರೆ ತಂದು ಕಲ್ಯಾಣಿಯ ಮೆಟ್ಟಿಲ ಮೇಲೆ ಕೂತು ತಿಂದೆವು. ಈ ಕಲ್ಯಾಣಿ, ಆ ಕಡೆಯ ರಾಯಗೋಪುರದ ನಾಲ್ಕು ಕಂಬ, ಅಕ್ಕತಂಗಿ ಕೊಳ, ಎಷ್ಟು ಸಿನಿಮಾಗಳಲ್ಲಿ ಬಂದಿವೆಯೋ ಲೆಕ್ಕವಿಲ್ಲ. ಅವರೂ ಜಾಗ ನೋಡಲು ಬಂದಿರಬಹುದೇ ಅಂತ ಒಂದು ಸಲ ಅನ್ನಿಸಿತು. ಹಾಗೆ ಯೋಚಿಸಿದ್ದಕ್ಕೆ ನಾಚಿಕೆಯೂ ಆಯಿತು. ಹೂವು, ಹಣ್ಣುಕಾಯಿ ಹಿಡಿದು ಬಂದವರನ್ನು ಏನು ಕೆಲಸಕ್ಕೆ ಬಂದಿರಿ ಅಂತ ಕೇಳುತ್ತಾರೆಯೇ?

ರಾತ್ರಿ ಜನಸಾಗರ. ಗುಡಿಯ ಸುತ್ತಲ ಬೀದಿಗಳಲ್ಲಿ ಕಾಲಿಡಲು ಜಾಗವಿಲ್ಲ. ಅವ್ವ ಕುಳ್ಳಗೆ, ಐದು ಅಡಿಗೂ ಕಡಿಮೆ. ಹಿಂದಿನ ನಾಲ್ಕು ವರ್ಷವೂ ಅವಳಿಗೆ ಕಂಡಿದ್ದು ಕಿರೀಟದ ತುದಿ, ಛತ್ರಿ, ಮುಂದಿನವರ ಬೆನ್ನು. ಈಗ ಎತ್ತಿದ ಫೋನುಗಳೂ ಸೇರಿಕೊಂಡಿವೆ. 'ಕೊನೇ ವರ್ಷ ಕಣ್ಲಾ, ಒಂದು ಸಲ ಮೊಕ ಕಾಣಂಗೆ ನಿಲ್ಸು' ಅಂದಳು. ದೇವಸ್ಥಾನದ ಎದುರು ಭಾರಿ ದೀಪ ಹಾಕಿದ್ದ ಕಡೆಗೆ ಅವಳನ್ನು ಎಳೆದುಕೊಂಡು ಹೊರಟೆ. ಅಲ್ಲಿ ಬೆಳಕು ಜಾಸ್ತಿ, ಚೆನ್ನಾಗಿ ಕಾಣುತ್ತದೆ ಅಂತ ನನ್ನ ಲೆಕ್ಕ.

ಪಕ್ಕದಿಂದ ಯಾರೋ ನನ್ನ ಕೈ ಹಿಡಿದರು. ಬಿಳಿ ಟವೆಲ್.

'ಅಲ್ಲಿ ಬೇಡ' ಅಂದರು. 'ಆ ಲೈಟು ನಿಮ್ಮ ಕಣ್ಣಿಗೇ ಹೊಡೆಯುತ್ತೆ. ಏನೂ ಕಾಣೋದಿಲ್ಲ. ಬನ್ನಿ ನನ್ನ ಜೊತೆ.'

ಬೀದಿ ತಿರುಗುವ ಮೂಲೆಯಲ್ಲಿ ಒಂದು ಹಳೆಯ ಮನೆ, ಮುಂದೆ ಎತ್ತರದ ಜಗಲಿ. ಸಂಜೆಯೇ ಬಂದು ನೋಡಿಕೊಂಡು, ಮನೆಯವರನ್ನು ಕೇಳಿ ಒಬ್ಬರು ನಿಲ್ಲುವಷ್ಟು ಜಾಗ ಮಾಡಿಕೊಂಡಿದ್ದರಂತೆ. ಆ ಜಾಗಕ್ಕೆ ಅವ್ವನನ್ನು ಹತ್ತಿಸಿದರು. ಭುಜ ಹಿಡಿದು ಒಂದು ಹೆಜ್ಜೆ ಹಿಂದೆ, ಅರ್ಧ ಹೆಜ್ಜೆ ಎಡಕ್ಕೆ ಸರಿಸಿದರು. ತಾವು ಬಗ್ಗಿ ಅವಳ ಕಣ್ಣಿನ ಎತ್ತರಕ್ಕೆ ತಲೆ ತಂದು ಬೀದಿ ಕಡೆ ನೋಡಿದರು.

'ಇಲ್ಲೇ ನಿಂತಿರಿ ತಾಯಿ. ಸ್ವಾಮಿ ಎಡಗಡೆಯಿಂದ ಬರ್ತಾನೆ. ತಿರುಗೋವಾಗ ಹೊತ್ತವರು ಹೆಗಲು ಬದಲಾಯಿಸೋಕೆ ಒಂದು ಗಳಿಗೆ ನಿಲ್ತಾರೆ. ದೀವಟಿಗೆ ಆಗ ಮುಂದೆ ಬರುತ್ತೆ. ಆ ಬೆಳಕಲ್ಲಿ ನೋಡಿ. ಅದಕ್ಕೆ ಮುಂಚೆ ನೋಡ್ಬೇಡಿ, ಕಣ್ಣು ಮುಚ್ಕೊಂಡಿರಿ. ಕಣ್ಣು ಕತ್ತಲಿಗೆ ಒಗ್ಗಲಿ. ನಾನು ಹೇಳ್ತೀನಿ.'

ಅವ್ವ ಶಾಲೆ ಹುಡುಗಿಯ ಹಾಗೆ ಕಣ್ಣು ಮುಚ್ಚಿದಳು.

ನಾದಸ್ವರ ಹತ್ತಿರ ಬಂತು. ಗೋವಿಂದಾ ಗೋವಿಂದ ಅನ್ನುವ ಕೂಗು ಅಲೆಯ ಹಾಗೆ ಬೀದಿಯುದ್ದಕ್ಕೂ ಬಂತು. ಅವರು ಜಗಲಿಯ ಕೆಳಗೆ, ಕಂಬದ ಮರೆಯಲ್ಲಿ, ಅವ್ವನ ಮುಖಕ್ಕೆ ಎದುರಾಗಿ ನಿಂತಿದ್ದರು. ಬೀದಿಗೆ ಬೆನ್ನು. ಅಲ್ಲಿಂದ ಅವರಿಗೆ ಮೆರವಣಿಗೆ ಕಾಣುವ ಹಾಗೇ ಇರಲಿಲ್ಲ. ಸದ್ದು ಕೇಳಿಕೊಂಡೇ ಲೆಕ್ಕ ಹಾಕುತ್ತಿದ್ದರು.

'ಈಗ' ಅಂದರು.

ಅವ್ವ ಕಣ್ಣು ಬಿಟ್ಟಳು. ಅವಳ ಬಾಯಿ ಅರ್ಧ ತೆರೆಯಿತು. ಕೈ ಮುಗಿಯಲು ಎತ್ತಿದ್ದು ಎದೆಯ ಹತ್ತಿರವೇ ನಿಂತಿತು. ದೀವಟಿಗೆಯ ಬೆಳಕು ಅವಳ ಕೆನ್ನೆಯ ಮೇಲೆ ಆಡುತ್ತಿತ್ತು. ಅಪ್ಪ ಹೋದ ಮೇಲೆ ಆ ಮುಖವನ್ನು ನಾನು ಹಾಗೆ ನೋಡಿರಲಿಲ್ಲ. ಅವರೂ ಅದನ್ನೇ ನೋಡುತ್ತಿದ್ದರು. ಟವೆಲ್ಲಿನ ತುದಿಯಿಂದ ಒಮ್ಮೆ ಕಣ್ಣು ಒರೆಸಿಕೊಂಡರು.

ನನಗೆ ನೆನಪಾಗಿ ಬೀದಿ ಕಡೆ ತಿರುಗುವಷ್ಟರಲ್ಲಿ ಗರುಡವಾಹನ ಮೂಲೆ ದಾಟಿತ್ತು. ಕಂಡಿದ್ದು ಹಿಂದಿನ ಛತ್ರಿ ಮಾತ್ರ.

'ಕಂಡ್ಯಾ ಮಗ?' ಅವ್ವ ಕೇಳಿದಳು.

'ಕಂಡೆ ಅವ್ವ' ಅಂದೆ.

ತಿರುಗಿದರೆ ಕಂಬದ ಹತ್ತಿರ ಅವರು ಇರಲಿಲ್ಲ. ಬೀದಿಯ ತುಂಬ ಟವೆಲ್ ಸುತ್ತಿದ ತಲೆಗಳು. ಎರಡು ಸುತ್ತು ಹುಡುಕಿದೆ. ಸಿಗಲಿಲ್ಲ. ನಸುಕಿನ ಮುಂಚೆ ವೈರಮುಡಿ ತೆಗೆದು ರಾಜಮುಡಿ ತೊಡಿಸುತ್ತಾರೆ. ರಾಜ ಒಡೆಯರು ಕೊಟ್ಟ ಕಿರೀಟ ಅದು. ಜನ ಕರಗಿದ್ದರಿಂದ ಅದರ ದರ್ಶನ ನನಗೂ ಸಿಕ್ಕಿತು. ಕೈ ಮುಗಿದು ನಿಂತಾಗ, ನಾಲಿಗೆ ಮೇಲಿದ್ದ ಆ ವಾಕ್ಯವನ್ನು ಚೆಲುವರಾಯನಿಗೇ ಹೇಳಿದೆ. ಅವನಿಗೆ ಇದು ಹೊಸದಾಗಿರಲಿಕ್ಕಿಲ್ಲ.

ಬೆಳಗಿನ ಮೊದಲ ಬಸ್ಸಿನಲ್ಲಿ ಅವ್ವ ಕಿಟಕಿ ಪಕ್ಕ ಕೂತಿದ್ದಳು. ಬಸ್ಸು ಹೊರಡುವಾಗ ನನ್ನ ಕಡೆ ತಿರುಗಿದಳು.

'ಅಲ್ಲ ಕಣ್ಲಾ, ಆ ದಾಸರ ಹೆಸ್ರೇನು ಅಂತ ಕೇಳ್ದಾ?'

'ಇಲ್ಲ ಅವ್ವ.'

'ಒಳ್ಳೆ ಮನ್ಷ. ರಾಮನವಮಿಗೆ ನಮ್ಮೂರಿಗೆ ಕರ್ಸಿದ್ರೆ ಒಂದು ಹರಿಕಥೆಗೆ ಎಷ್ಟು ತಗತಾರೋ ಏನೋ. ಕೇಳ್ಬೇಕಾಗಿತ್ತು.'